ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್: ಕೊಡಗಿನ ತೇವದಲ್ಲಿ ಕೈಯಾರೆ ರಿಪೇರಿಗೆ ಒಗ್ಗುವ ಕ್ಯಾಮೆರಾವೇ?

ಬೀರುವಿನ ಮೂಲೆಯಿಂದ ಹಳೆ ಯಾಶಿಕಾ ಎಲೆಕ್ಟ್ರೋ ಹೊರಬಂದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ‘ಇದು ಎಲೆಕ್ಟ್ರಾನಿಕ್ ಕ್ಯಾಮೆರಾ, ಸರ್ಕ್ಯೂಟ್ ಹೋಗಿದೆ, ಇನ್ನು ಆಗಲ್ಲ.’ ಬಹಳಷ್ಟು ಸಲ ಈ ಮಾತು ತಪ್ಪು. ಇದರಲ್ಲಿ ಕೆಡುವುದು ಹೆಚ್ಚಾಗಿ ಒಂದು ಪುಟ್ಟ ರಬ್ಬರ್ ಮೆತ್ತೆ, ಬ್ಯಾಟರಿಯ ತಂತಿ, ಬಾಗಿಲಿನ ಸ್ಪಂಜು. ಮೂರನ್ನೂ ಮನೆಯ ಮೇಜಿನ ಮೇಲೇ ಸರಿಮಾಡಬಹುದು. ಕೊಡಗಿನವರು ನಿಜಕ್ಕೂ ಹೆದರಬೇಕಾದ್ದು ಲೆನ್ಸಿನ ಬೂಷ್ಟಿಗೆ.

ಎಲೆಕ್ಟ್ರೋ 35 ಮೊದಲು ಬಂದದ್ದು 1966ರಲ್ಲಿ, ಅದರ ಜಿಎಸ್‌ಎನ್ ಮಾದರಿ 1973ರಲ್ಲಿ. 45 ಮಿ.ಮೀ. ಎಫ್/1.7 ಕಲರ್-ಯಾಶಿನಾನ್ ಲೆನ್ಸ್, ಲೆನ್ಸಿನೊಳಗೇ ಕೂತ ಕಾಪಲ್ ಶಟರ್. ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ನೀವು ಇಡುತ್ತೀರಿ; 30 ಸೆಕೆಂಡಿನಿಂದ 1/500ರವರೆಗೆ ವೇಗವನ್ನು ಕ್ಯಾಮೆರಾ ಆರಿಸುತ್ತದೆ. ಕಾಫಿ ತೋಟದ ಮರಗಳ ನೆರಳಿನಲ್ಲಿ, ಮಳೆಗಾಲದ ಮಂಕು ಬೆಳಕಿನಲ್ಲಿ ಎಫ್/1.7 ಬಹಳ ದೊಡ್ಡ ಅನುಕೂಲ. ಲೆನ್ಸಿನ ಗುಣಕ್ಕೆ ಪೂರ್ತಿ ಅಂಕ ಕೊಡಬಹುದು.

ಕೊಳ್ಳುವ ಮುನ್ನ ಪರೀಕ್ಷಿಸದೆ ಬಿಡಬೇಡಿ. ಬ್ಯಾಟರಿ ಇಲ್ಲದಿದ್ದರೂ ಈ ಕ್ಯಾಮೆರಾ 1/500ರಲ್ಲಿ ಕ್ಲಿಕ್ ಅನ್ನುತ್ತದೆ. ಆದ್ದರಿಂದ ಮಾರುವವರು ಕ್ಲಿಕ್ ಮಾಡಿ ತೋರಿಸಿದ್ದಕ್ಕೆ ಬೆಲೆ ಇಲ್ಲ. ಬ್ಯಾಟರಿ ಹಾಕಿ, ಬೆನ್ನಿನ ಚೆಕ್ ಗುಂಡಿ ಒತ್ತಿ. ಫ್ರೇಮ್ ಎಣಿಕೆಯ ಕಿಟಕಿ ಬೆಳಗಬೇಕು. ಅಪರ್ಚರ್ 16ಕ್ಕೆ ಇಟ್ಟು, ಬೆಳಕು ಅಳೆಯುವ ಮೀಟರಿನ ಕಿಟಕಿಗೆ ಬೆರಳು ಮುಚ್ಚಿ ಶಟರ್ ಗುಂಡಿಯನ್ನು ಅರ್ಧ ಒತ್ತಿದರೆ ಹಳದಿ ದೀಪ ಬರಬೇಕು, ಪೂರ್ತಿ ಒತ್ತಿದರೆ ಶಟರ್ ಹಲವು ಸೆಕೆಂಡು ತೆರೆದೇ ಇರಬೇಕು. ಬಿಸಿಲಿಗೆ ಹಿಡಿದು ಎಫ್/1.7ಕ್ಕೆ ತಿರುಗಿಸಿದರೆ ಕೆಂಪು ದೀಪ. ಕೊನೆಗೆ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ.

ಇನ್ನು ಆ ರಬ್ಬರ್ ಮೆತ್ತೆಯ ವಿಷಯ. ಎಲೆಕ್ಟ್ರೋ ಬಲ್ಲವರು ಅದಕ್ಕೆ ಸಾವಿನ ಮೆತ್ತೆ ಎಂದೇ ಹೆಸರಿಟ್ಟಿದ್ದಾರೆ. ಶಟರ್ ಗುಂಡಿಯ ಚಲನೆಯನ್ನು ಲೆನ್ಸ್ ಕಡೆಗೆ ಒಯ್ಯುವ ಸರಳು ಪ್ರತಿ ಚಿತ್ರದ ನಂತರ ತನ್ನ ಜಾಗಕ್ಕೆ ಮರಳಬೇಕು. ಅದಕ್ಕೆ ತಡೆಯಾಗಿರುವ ರಬ್ಬರ್ ನಲವತ್ತು ಐವತ್ತು ವರ್ಷದಲ್ಲಿ ಪುಡಿಯಾಗುತ್ತದೆ, ಇಲ್ಲವೇ ಬೆಲ್ಲದ ಪಾಕದಂತೆ ಅಂಟಾಗುತ್ತದೆ. ಆಗ ಸರಳು ಪೂರ್ತಿ ಮರಳುವುದಿಲ್ಲ, ವೇಗಗಳು ತಪ್ಪುತ್ತವೆ, ಚಿತ್ರಗಳು ವಿಪರೀತ ಬೆಳ್ಳಗಾಗುತ್ತವೆ. ಗುರುತು ಹಿಡಿಯುವುದು ಕಿವಿಯಿಂದ: ಒಂದು ಸಲ ಕ್ಲಿಕ್ ಮಾಡಿ, ವೈಂಡ್ ಲಿವರನ್ನು ನಿಧಾನವಾಗಿ ಎಳೆಯಿರಿ. ‘ಟಕ್’ ಎಂಬ ಗಟ್ಟಿ ಸದ್ದು ಬಂದರೆ ಮೆತ್ತೆ ಇದೆ. ಬರಲಿಲ್ಲವೆಂದರೆ ಹೋಗಿದೆ. ಸರ್ಕ್ಯೂಟ್ ಕೆಟ್ಟಿದೆ ಎಂದು ಮೂಲೆಗೆಸೆದ ಕ್ಯಾಮೆರಾಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಮೆತ್ತೆ ಬದಲಿಸಲು ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಬೇಕಾದ್ದು ಜಪಾನಿ ಮಾದರಿಯ 0 ಮತ್ತು 00 ಸ್ಕ್ರೂಡ್ರೈವರ್ (ಸಾಮಾನ್ಯ ಪ್ಲಸ್ ಡ್ರೈವರ್ ಜಾರಿ ಸ್ಕ್ರೂ ತಲೆ ಕೆಡಿಸುತ್ತದೆ), ಎರಡು ಮೊನೆಯ ಲೆನ್ಸ್ ಸ್ಪ್ಯಾನರ್, ಚಿಮಟ, 25 ವ್ಯಾಟಿನ ಬೆಸುಗೆ ಕಡ್ಡಿ, ಮಲ್ಟಿಮೀಟರ್. ಕೆಳಗೆ ಬಿಳಿ ಬಟ್ಟೆ ಹಾಸಿ. ಸ್ಕ್ರೂ ಬಿದ್ದರೆ ಪುಟಿಯದು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ.

ವೈಂಡ್ ಲಿವರಿನ ಮೇಲಿನ ಎರಡು ತೂತಿನ ಮುಚ್ಚಳವನ್ನು ಸ್ಪ್ಯಾನರಿನಿಂದ ಬಿಚ್ಚಿ. ರಿವೈಂಡ್ ಕಡೆ ಹಿಂದಿನ ಬಾಗಿಲು ತೆರೆದು, ಒಳಗಿನ ಕವಲನ್ನು ಅಲುಗದಂತೆ ಹಿಡಿದು ಮೇಲಿನ ಹಿಡಿಯನ್ನು ತಿರುಗಿಸಿ ತೆಗೆಯಿರಿ. ಬದಿಯ ಸ್ಕ್ರೂಗಳು ಹೊರಬಂದ ಮೇಲೆ ಮೇಲ್ಕವಚ ಏಳುತ್ತದೆ. ಇಲ್ಲಿ ಅವಸರ ಬೇಡ: ಜಿಎಸ್‌ಎನ್‌ನಲ್ಲಿ ಫ್ಲಾಶ್ ಕೂರುವ ಜಾಗಕ್ಕೆ ತಂತಿ ಇದೆ, ಕವಚವನ್ನು ಝಾಡಿಸಿ ಎತ್ತಿದರೆ ಅದು ಕಿತ್ತುಬರುತ್ತದೆ. ಮುಂದಿನ ಚರ್ಮದ ಹೊದಿಕೆಯ ಅಂಚಿಗೆ ಸ್ವಲ್ಪ ಸ್ಪಿರಿಟ್ ಬಿಟ್ಟು ಮೆಲ್ಲಗೆ ಎಬ್ಬಿಸಿದರೆ ಲೆನ್ಸ್ ಫಲಕದ ಸ್ಕ್ರೂ ಕಾಣುತ್ತವೆ. ಫಲಕವನ್ನು ತಂತಿಗಳು ಬಿಡುವಷ್ಟೇ ಮುಂದಕ್ಕೆ ಎಳೆಯಿರಿ. ಹಿಂದೆ ತೆಳು ವಾಷರ್ ಇದ್ದರೆ ಯಾವುದು ಎಲ್ಲಿತ್ತೋ ಅಲ್ಲಿಗೇ ಮರಳಬೇಕು. ಕಲಸಿದರೆ ಫೋಕಸ್ ಓರೆಯಾಗುತ್ತದೆ.

ಹಳೆ ರಬ್ಬರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಲ್ಲುಕಡ್ಡಿಯಿಂದ ಪೂರ್ತಿ ಕೆರೆದು ತೆಗೆಯಿರಿ. ಹೊಸದಕ್ಕೆ ಗಟ್ಟಿ ರಬ್ಬರ್ ಬೇಕು. ಸ್ಪಂಜು ಕೂಡದು, ಅದು ಅಮುಕಿಹೋಗಿ ಅದೇ ತೊಂದರೆ ಮರಳುತ್ತದೆ. 2 ಮಿ.ಮೀ. ದಪ್ಪದಿಂದ ಶುರುಮಾಡಿ, ಅಂಟು ಒಣಗಿದ ಮೇಲೆ ವೈಂಡ್ ಮಾಡಿ ಕಿವಿಗೊಡಿ. ‘ಟಕ್’ ಸದ್ದು ಬಾರದಿದ್ದರೆ ತೆಳು ತುಂಡೊಂದನ್ನು ಸೇರಿಸಿ. ಹತ್ತು ಸಲ ವೈಂಡ್ ಮಾಡಿದರೆ ಹತ್ತು ಸಲವೂ ಸದ್ದು ಬಂದ ಮೇಲೆಯೇ ಫಲಕ ಮುಚ್ಚಿ. ಮುಚ್ಚುವಾಗ ರೇಂಜ್‌ಫೈಂಡರಿನ (ಎರಡು ಬಿಂಬ ಸೇರಿಸಿ ಫೋಕಸ್ ಹಿಡಿಯುವ ಭಾಗ) ತೋಳು ಫೋಕಸ್ ಭಾಗದ ಮೇಲೆ ಸರಿಯಾಗಿ ಕೂತಿದೆಯೇ ನೋಡಿ.

ಬ್ಯಾಟರಿಯದು ಇಷ್ಟು ಕಷ್ಟವಿಲ್ಲ. ಮೂಲತಃ ಇದಕ್ಕೆ ಬೇಕಿದ್ದದ್ದು 5.6 ವೋಲ್ಟಿನ ಪಾದರಸದ ಬ್ಯಾಟರಿ, ಅದು ಈಗ ತಯಾರಾಗುವುದಿಲ್ಲ. 6 ವೋಲ್ಟಿನ 4ಎಲ್‌ಆರ್44 ಹಾಕಬಹುದು. ಅದು ಉದ್ದದಲ್ಲೂ ದಪ್ಪದಲ್ಲೂ ಚಿಕ್ಕದು, ಹಾಗಾಗಿ ದಪ್ಪ ಕಾಗದ ಸುತ್ತಿ, ಉಳಿದ ಉದ್ದಕ್ಕೆ ಸ್ಪ್ರಿಂಗ್ ಇಡಿ. ನೆಗೆಟಿವ್ ಫಿಲ್ಮಿಗೆ 0.4 ವೋಲ್ಟಿನ ವ್ಯತ್ಯಾಸ ಲೆಕ್ಕಕ್ಕಿಲ್ಲ. ಬ್ಯಾಟರಿ ಕೂರುವ ಗೂಡಿನಲ್ಲಿ ಹಸಿರು ಇಲ್ಲವೇ ಬಿಳಿ ಪುಡಿ ಕಂಡರೆ ಹಳೆ ಬ್ಯಾಟರಿ ಸೋರಿದೆ. ಸೋರುವುದು ಕ್ಷಾರ, ಹುಳಿಯಿಂದ ಹೋಗುತ್ತದೆ. ಅಡುಗೆಮನೆಯ ಕಾಚಂಪುಳಿ ಹುಳಿಯೇ ಆದರೂ ಗಟ್ಟಿ, ಅಂಟು ಉಳಿಯುತ್ತದೆ. ಬಿಳಿ ವಿನಿಗರನ್ನೇ ಹತ್ತಿಕಡ್ಡಿಗೆ ಹಚ್ಚಿ ಒರೆಸಿ, ಆಮೇಲೆ ಆಲ್ಕೊಹಾಲಿನಿಂದ ಇನ್ನೊಮ್ಮೆ. ಸ್ವಚ್ಛ ಮಾಡಿದರೂ ದೀಪ ಬರದಿದ್ದರೆ ತಂತಿಯೊಳಗೇ ಹಸಿರು ಹತ್ತಿದೆ. ಮಲ್ಟಿಮೀಟರಿನಿಂದ ತುದಿಯಿಂದ ತುದಿಗೆ ನೋಡಿ, ಆ ತಂತಿಯನ್ನೇ ಕತ್ತರಿಸಿ ಹೊಸದು ಬೆಸೆಯಿರಿ. ಒಳಗೆ ಸಿಕ್ಕ ಪಾದರಸದ ಬ್ಯಾಟರಿಯನ್ನು ತೋಟಕ್ಕೋ ತೋಡಿಗೋ ಎಸೆಯಲೇಬೇಡಿ. ಅದನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಇ-ತ್ಯಾಜ್ಯಕ್ಕೆ ಕೊಡಿ.

ಬಾಗಿಲಿನ ಸ್ಪಂಜಿಗೆ ಒಂದು ಸಂಜೆ ಸಾಕು. ಕ್ಯಾಮೆರಾವನ್ನು ಬಾಗಿಲು ಕೆಳಮುಖವಾಗಿ ಹಿಡಿದು ಕೆರೆಯಿರಿ, ಪುಡಿ ಒಳಗೆ ಬೀಳದು. ಮೇಲಿನ ಕೆಳಗಿನ ಕಿರಿದಾದ ಕಾಲುವೆಗಳಿಗೆ ಕಪ್ಪು ಉಲ್ಲನ್ ದಾರ, ಕೀಲಿನ ಕಡೆಗೆ ಕಪ್ಪು ಸ್ಪಂಜು ಪಟ್ಟಿ. ಉಲ್ಲನ್ ಸ್ಪಂಜಿನ ಹಾಗೆ ಕರಗಿ ಅಂಟಾಗುವುದಿಲ್ಲ.

ಬೂಷ್ಟಿನ ವಿಷಯಕ್ಕೆ ಬಂದರೆ ಈ ಕ್ಯಾಮೆರಾಗೆ ಕೊಡಗಿನಲ್ಲಿ ಅಂಕ ಕಡಿಮೆ. ಕಕ್ಕಡದ ತಿಂಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಮನೆಯಲ್ಲಿ ಚರ್ಮದ ಚೀಲದೊಳಗಿಟ್ಟ ಲೆನ್ಸ್ ಬೂಷ್ಟಿಗೆ ಹೇಳಿಮಾಡಿಸಿದ ಜಾಗ. ಚರ್ಮ ತೇವ ಹಿಡಿದಿಡುತ್ತದೆ. ಮುಂದಿನ ಹೆಸರಿನ ಬಳೆಯನ್ನು ರಬ್ಬರ್ ಬಿರಡೆ ಒತ್ತಿ ತಿರುಗಿಸಿ, ಒಳಗಿನ ಗಾಜಿನ ಗುಂಪನ್ನು ಸ್ಪ್ಯಾನರಿನಿಂದ ಬಿಚ್ಚಿ. 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಮನೆಬಳಕೆಯ ಅಮೋನಿಯಾವನ್ನು ಸಮಪಾಲು ಬೆರೆಸಿ, ಕಿಟಕಿ ತೆರೆದಿಟ್ಟು, ಮೃದು ಕಾಗದದಿಂದ ನಡುವಿನಿಂದ ಅಂಚಿಗೆ ಒರೆಸಿ. ಎಳೆಗಳು ಹೋದರೂ ಗಾಜಿನ ಮೇಲೆ ಅವುಗಳ ಗೆರೆ ಉಳಿದಿದ್ದರೆ ಲೇಪನವನ್ನೇ ಆಮ್ಲ ತಿಂದಿದೆ. ಅದಕ್ಕೆ ಮದ್ದಿಲ್ಲ. ಟಾರ್ಚಿನಲ್ಲಿ ಇದು ಮೊದಲೇ ಕಂಡರೆ ಬೆಲೆ ಎಷ್ಟೇ ಕಡಿಮೆಯಿರಲಿ, ಕೊಳ್ಳಬೇಡಿ. ಶಟರಿನ ಎಲೆಗಳಲ್ಲಿ ಎಣ್ಣೆ ಕಂಡರೆ ಲೈಟರ್ ಪೆಟ್ರೋಲ್ ತೊಟ್ಟು ತೊಟ್ಟಾಗಿ ಬಿಟ್ಟು ಒರೆಸಿ; ಹತ್ತಿರದಲ್ಲಿ ಒಲೆ ಉರಿಯುತ್ತಿರಬಾರದು. ಎಲೆಗಳಿಗೆ ಹೊಸ ಎಣ್ಣೆ ಎಂದೂ ಬೇಡ, ಅವು ಒಣಗಿಯೇ ಓಡಬೇಕು. ರೇಂಜ್‌ಫೈಂಡರಿನ ಅರೆಗನ್ನಡಿಯನ್ನಂತೂ ಮುಟ್ಟಬೇಡಿ. ಆಲ್ಕೊಹಾಲ್ ತಗುಲಿದರೆ ಲೇಪನವೇ ಎದ್ದುಹೋಗಿ ಎರಡನೇ ಬಿಂಬ ಕಾಣದಾಗುತ್ತದೆ. ಗಾಳಿ ಊದಿದರೆ ಸಾಕು.

ರಿಪೇರಿಯಾದದ್ದು ಮತ್ತೆ ಕೆಡದಿರಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, 100 ಗ್ರಾಂ ಸಿಲಿಕಾ ಜೆಲ್, ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರೊಳಗಿರಲಿ. ಕಿತ್ತಳೆ ಹರಳು ಹಸಿರಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ. ಮಳೆಗಾಲದಲ್ಲಿ ಎಲ್ಲವನ್ನೂ ಒಲೆಯ ಮೇಲಿನ ಅಟ್ಟದಲ್ಲಿಡುವ ರೂಢಿಯಿದೆ, ಕ್ಯಾಮೆರಾಗೆ ಅದು ಸಲ್ಲದು: ಬಿಸಿಗೆ ಗ್ರೀಸ್ ನೀರಾಗಿ ಶಟರಿನ ಎಲೆಗಳಿಗೆ ಇಳಿಯುತ್ತದೆ, ಹೊಗೆ ಗಾಜಿಗೆ ಕೂರುತ್ತದೆ.

ಬಳಸುವಾಗ ಒಂದು ಕೊರತೆ ಎದ್ದು ಕಾಣುತ್ತದೆ: ವೇಗವನ್ನು ನೀವು ನೇರವಾಗಿ ಬದಲಿಸಲಾಗದು. ಇರುವ ದಾರಿ, ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮವೆಂದು ಕ್ಯಾಮೆರಾಗೆ ತಿಳಿಸುವ ಎಎಸ್‌ಎ ಡಯಲ್ ಒಂದೇ. ಮದುವೆಯಲ್ಲಿ ಕಪ್ಪು ಕುಪ್ಯ ತೊಟ್ಟವರು ಚೌಕಟ್ಟು ತುಂಬಿ ನಿಂತರೆ ಮೀಟರ್ ಅದನ್ನು ಕತ್ತಲೆಂದು ತಿಳಿದು ಮುಖಗಳನ್ನು ಸುಣ್ಣ ಬಳಿದಂತೆ ಮಾಡುತ್ತದೆ. 400ರ ಫಿಲ್ಮಿಗೆ ಡಯಲನ್ನು 800ಕ್ಕೆ ಇಡಿ. ಮಡಿಕೇರಿಯ ಮಂಜಿನಲ್ಲಿ ಇದು ತಿರುವುಮುರುವು: ಬಿಳುಪಿಗೆ ಮೋಸಹೋಗಿ ಚಿತ್ರ ಮಂಕಾಗುತ್ತದೆ, 200ಕ್ಕೆ ಇಳಿಸಿ. ತೆಗೆದಾದ ಮೇಲೆ ಡಯಲನ್ನು ಮರೆಯದೆ 400ಕ್ಕೆ ತನ್ನಿ.