ಮಾಸ್ಟರ್ ಎಷ್ಟು ದಂಡಿಸಬೇಕು? ಎರಡು ಕರಾಟೆ ಕ್ಲಾಸು, ಒಂದು ಜೂಡೋ, ಒಂದು ಗರಡಿ

ಮಕ್ಕಳನ್ನು ಕರಾಟೆಗೆ ಸೇರಿಸುವವರು ಮೊದಲು ಕೇಳುವ ಪ್ರಶ್ನೆ: "ಮಾಸ್ಟರ್ ತುಂಬಾ ಸ್ಟ್ರಿಕ್ಟಾ?" ಹೌದು ಅಂದರೆ ಕೆಲವರಿಗೆ ಖುಷಿ, ಕೆಲವರಿಗೆ ದಿಗಿಲು. ಬೇರೆ ಬೇರೆ ವಯಸ್ಸಿನಲ್ಲಿ ನಾನು ಎರಡು ಕರಾಟೆ ಕ್ಲಾಸು, ಒಂದು ಜೂಡೋ ಕ್ಲಾಸು, ಮೈಸೂರಿನ ಒಂದು ಗರಡಿ ಮನೆಯಲ್ಲಿ ಬೆವರು ಹರಿಸಿದ್ದೇನೆ. ನನಗೆ ಅನಿಸಿದ್ದು ಇಷ್ಟು: ಗುರು ಕಷ್ಟ ಕೊಡಲೇಬೇಕು. ಆದರೆ ಆ ಕಷ್ಟದಿಂದ ಏನಾದರೂ ಕಲಿಯುವಂತಿರಬೇಕು, "ಸಾಕು" ಅನ್ನುವ ಹಕ್ಕು ಶಿಷ್ಯನಿಗೆ ಇರಬೇಕು.

ಮೊದಲನೆಯದು ಬೆಂಗಳೂರಿನ ಕರಾಟೆ ಕ್ಲಾಸು. ಮಾಸ್ಟರ್ ಕೈಯಲ್ಲಿ ಸದಾ ಬೆತ್ತ. ತಡವಾಗಿ ಬಂದರೆ ಬಸ್ಕಿ, ಕಟಾ (ಹೊಡೆತ, ತಡೆಗಳ ಗೊತ್ತಾದ ಸರಣಿ) ತಪ್ಪಿದರೆ ಬಸ್ಕಿ, ಪಕ್ಕದವನ ಜೊತೆ ಮಾತಾಡಿದರೂ ಬಸ್ಕಿ. ಮಧ್ಯೆ ನೀರು ಕುಡಿಯುವಂತಿರಲಿಲ್ಲ. ಕಿಬಾ ದಾಚಿಯಲ್ಲಿ, ಅಂದರೆ ಕುದುರೆ ಮೇಲೆ ಕೂತ ಹಾಗೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ ನಿಲ್ಲಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ತೊಡೆ ನಡುಗುತ್ತದೆ. ಅದು ಒಳ್ಳೆಯದೇ. ಆದರೆ ಇನ್ನೂ ನಿಲ್ಲಿಸಿದರೆ ಸೊಂಟ ಮೇಲೇಳುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ. ಅಲ್ಲಿಂದ ಮುಂದೆ ಮೈ ಕಲಿಯುವುದು ತಪ್ಪು ನಿಲುವನ್ನೇ. ನಮ್ಮ ಮಾಸ್ಟರ್ ಅದನ್ನು ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದರು.

ದಮ್ಮು ಬಂತು, ನಿಜ. ಶಿಸ್ತೂ ಬಂತು. ಆದರೆ ಶಿಕ್ಷೆಯಾಗಿ ನೂರಾರು ಬಸ್ಕಿ ಹೊಡೆಸುವುದು ಎಷ್ಟು ಅಪಾಯ ಅಂತ ತುಂಬಾ ಜನರಿಗೆ ಗೊತ್ತಿಲ್ಲ. ಅಭ್ಯಾಸವಿಲ್ಲದ ಸ್ನಾಯು ಒಮ್ಮೆಲೇ ದಣಿದರೆ ಒಡೆದು, ಅದರೊಳಗಿನದು ರಕ್ತಕ್ಕೆ ಸೇರುತ್ತದೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ, ಕಿಡ್ನಿಗೆ ಪೆಟ್ಟು ಬೀಳಬಹುದು. ಇದಕ್ಕೆ ರ‍್ಯಾಬ್ಡೋಮಯೋಲಿಸಿಸ್ ಅನ್ನುತ್ತಾರೆ. ಬಿಸಿಲಲ್ಲಿ, ನೀರಿಲ್ಲದೆ ಮಾಡಿಸಿದರೆ ಅಪಾಯ ಇನ್ನೂ ಜಾಸ್ತಿ. ಹಾಗೆ ಬಣ್ಣ ಬದಲಾದರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಓಡಬೇಕು.

ಎರಡನೆಯದು ತದ್ವಿರುದ್ಧ. ಎಲ್ಲರಿಗೂ ಶಹಬ್ಬಾಸ್, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಫೀಸು, ಹೊಸ ಬಣ್ಣದ ಬೆಲ್ಟು. ಆರು ವರ್ಷದ ಮಕ್ಕಳಿಗೆ ಇದು ಸಾಕು, ಕುಣಿದು ನಲಿದು ಬರುತ್ತಾರೆ. ದೊಡ್ಡವರಿಗೆ ಸಾಲದು. ಅಲ್ಲಿ ಬ್ರೌನ್ ಬೆಲ್ಟ್, ಅಂದರೆ ಕಪ್ಪು ಬೆಲ್ಟಿಗೆ ಮುಂಚಿನದು, ಕಟ್ಟಿದ್ದ ಹುಡುಗನ ಮಣಿಕಟ್ಟನ್ನು ಒಬ್ಬರು ಗಟ್ಟಿಯಾಗಿ ಹಿಡಿದರು. ಅವನು ಹಾಗೇ ನಿಂತುಬಿಟ್ಟ. ಅಲ್ಲಿಯವರೆಗೆ ಅವನನ್ನು ಯಾರೂ ನಿಜವಾಗಿ ಹಿಡಿದೇ ಇರಲಿಲ್ಲ. ಇದೂ ಶಿಷ್ಯನಿಗೆ ಮಾಡುವ ಅನ್ಯಾಯವೇ ಅಲ್ವಾ?

ನನಗೆ ಸರಿಯೆನಿಸಿದ್ದು ಜೂಡೋ. ಅಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಗದ್ದ ಎದೆಗೆ ಒತ್ತಿ, ಕೈಯಿಂದ ಚಾಪೆಯನ್ನು ಬಡಿದು ಬೀಳಬೇಕು. ಬೀಳುವುದು ಬರುವ ತನಕ ಯಾರೂ ನಮ್ಮನ್ನು ಎತ್ತಿ ಒಗೆಯುವಂತಿಲ್ಲ. ಒಸೊತೊ ಗಾರಿ ಅನ್ನುವ ಪಟ್ಟಿನಲ್ಲಿ ಎದುರಾಳಿಯ ಕಾಲನ್ನು ಹೊರಗಿನಿಂದ ಕಡಿದು ಹಿಂದಕ್ಕೆ ಕೆಡವುತ್ತಾರೆ. ಹೊಸಬರ ತಲೆಯ ಹಿಂಭಾಗ ನೆಲಕ್ಕೆ ಬಡಿಯುವುದು ಹೆಚ್ಚಾಗಿ ಇದರಲ್ಲೇ. ನಮ್ಮ ಸರ್ ಇದನ್ನು ಶುರುವಿನಲ್ಲಿ ನಿಧಾನಕ್ಕೆ, ಬೀಳುವವನ ತೋಳು ಕೊನೆಯವರೆಗೂ ಬಿಡದಂತೆ ಮಾಡಿಸುತ್ತಿದ್ದರು. ರಾಂದೋರಿಗೆ, ಅಂದರೆ ಬಿಡುಕುಸ್ತಿಗೆ ಬಿಟ್ಟಾಗ ಹೊಸಬನ ಎದುರು ಹಳಬನನ್ನೇ ನಿಲ್ಲಿಸಿ, ಆ ಹಳಬನಿಗೆ "ನೀನು ಎಡಗಡೆಯ ಪಟ್ಟು ಮಾತ್ರ ಹಾಕು" ಅನ್ನುತ್ತಿದ್ದರು. ಹೊಸಬನಿಗೆ ಜೀವ ಬಾಯಿಗೆ ಬರುತ್ತಿತ್ತು. ಆದರೆ ಸಾಕು ಅನಿಸಿ ಎದುರಾಳಿಯ ಮೈಗೋ ಚಾಪೆಗೋ ಎರಡು ಸಲ ಕೈ ತಟ್ಟಿದರೆ ಮುಗಿಯಿತು, ಹಿಡಿತ ಆ ಕ್ಷಣ ಸಡಿಲ. ಯಾಕೆ ತಟ್ಟಿದೆ ಅಂತ ಯಾರೂ ಹಂಗಿಸುತ್ತಿರಲಿಲ್ಲ. ಆ ಭರವಸೆಗೇ ನಾವು ಮೈಮುರಿದು ಆಡುತ್ತಿದ್ದೆವು. ಸುಸ್ತಿನ ಲೆಕ್ಕದಲ್ಲಿ ನೋಡಿದರೆ ಬೆತ್ತದ ಕ್ಲಾಸಿಗಿಂತ ಇಲ್ಲೇ ಜಾಸ್ತಿ ದಣಿದಿದ್ದೇನೆ.

ಜೂಡೋದಲ್ಲಿ ಎಲ್ಲವೂ ಚೆನ್ನ ಅಂತಲ್ಲ. 2013ರಲ್ಲಿ ಜಪಾನಿನ 15 ಮಹಿಳಾ ಆಟಗಾರ್ತಿಯರು ಮುಖ್ಯ ಕೋಚ್ ತಮ್ಮನ್ನು ಹೊಡೆಯುತ್ತಾರೆ ಎಂದು ದೂರು ಕೊಟ್ಟಿದ್ದು ಬಯಲಾಯಿತು. ಕೋಚ್ ರಾಜೀನಾಮೆ ಕೊಟ್ಟರು. ಅದರ ಹಿಂದಿನ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೂಡೋದ ತವರಾದ ಜಪಾನಿಗೆ ಈ ಆಟದಲ್ಲಿ ಸಿಕ್ಕಿದ್ದು ಒಂದೇ ಚಿನ್ನ. 2021ರ ಟೋಕಿಯೋದಲ್ಲಿ 9 ಬಂತು. ಹೊಡೆತ ನಿಂತಿದ್ದಕ್ಕೇ ಬಂತು ಅಂತ ನಾನು ಹೇಳುವುದಿಲ್ಲ. ಹೊಡೆಯದಿದ್ದರೆ ಚಾಂಪಿಯನ್ ಆಗಲ್ಲ ಅನ್ನುವವರಿಗೆ ಈ ಲೆಕ್ಕ ತೋರಿಸುತ್ತೇನೆ, ಅಷ್ಟೇ. 2022ರಲ್ಲಿ ಅಲ್ಲಿನ ಜೂಡೋ ಒಕ್ಕೂಟ ಪ್ರಾಥಮಿಕ ಶಾಲೆ ಮಕ್ಕಳ ರಾಷ್ಟ್ರೀಯ ಟೂರ್ನಿಯನ್ನೇ ನಿಲ್ಲಿಸಿತು. ಗೆಲ್ಲಲೇಬೇಕು ಅನ್ನುವ ಹಟದಲ್ಲಿ ದೊಡ್ಡವರು ಮಕ್ಕಳ ತೂಕ ಇಳಿಸುವವರೆಗೂ ಹೋಗಿದ್ದರು.

ಗರಡಿ ಇವಕ್ಕೆಲ್ಲ ಹೋಲಿಸಿದರೆ ಬೇರೆಯೇ ಲೋಕ. ಕಷ್ಟ ಕರಾಟೆ ಕ್ಲಾಸಿಗಿಂತ ಒಂದು ಕೈ ಹೆಚ್ಚೇ. ಮುಂಜಾನೆ ಮಟ್ಟಿಯ, ಅಂದರೆ ಕುಸ್ತಿ ಆಡುವ ಅಖಾಡದ ಕೆಮ್ಮಣ್ಣು ಅಗೆದು ಹದ ಮಾಡುವುದೇ ಅರ್ಧ ಸಾಮು. ಆಮೇಲೆ ದಂಡ, ಬಸ್ಕಿ. ಅದೇ ಬಸ್ಕಿ, ಆದರೆ ಶಿಕ್ಷೆಯಾಗಿ ಒಬ್ಬರಿಗೂ ಹೊಡೆಸಿದ್ದು ಕಾಣಲಿಲ್ಲ. ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಿದ್ದರು. "ರಾತ್ರಿ ಏನು ಉಂಡೆ? ನಿದ್ದೆ ಆಯಿತಾ?" ಅಂತ ಉಸ್ತಾದರು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಸರಿಯಾಗಿ ಉಣ್ಣದವನನ್ನು ಆವತ್ತು ಮಟ್ಟಿಗೆ ಇಳಿಸುತ್ತಿರಲಿಲ್ಲ. ಶಿಷ್ಯನ ಊಟ, ನಿದ್ದೆಯನ್ನು ಲೆಕ್ಕಕ್ಕೆ ಹಿಡಿದ ಗುರುವನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಮೈಸೂರಿನ ಕಡೆ ಇರುವ ಹುಡುಗರಿಗೆ, ಬೆಳಗ್ಗೆ ಏಳುವ ಮನಸ್ಸಿದ್ದರೆ, ಗರಡಿಗೆ ಹೋಗಿ ಅನ್ನುತ್ತೇನೆ. ಮಗಳನ್ನು ಜೂಡೋಗೆ ಸೇರಿಸಿದ್ದೇನೆ. ಸೇರಿಸುವ ಮುಂಚೆ ಒಂದು ಸಂಜೆ ಪೂರ್ತಿ ಮೂಲೆಯಲ್ಲಿ ಕೂತು, ಮಕ್ಕಳು ಕೈ ತಟ್ಟಿದಾಗ ಏನಾಗುತ್ತದೆ ಅನ್ನುವುದನ್ನೇ ನೋಡಿದೆ. ನೀವೂ ಅದನ್ನೇ ನೋಡಿ. ಪಾಲಕರು ಒಳಗೆ ಬರುವಂತಿಲ್ಲ ಅನ್ನುವ ಕ್ಲಾಸಾದರೆ ಫೀಸು ಕಟ್ಟಬೇಡಿ.