ಹಾರ್ಮೋನ್ ವಂಕಿ: 14 ತಿಂಗಳ ನಂತರ ನನ್ನ ರಿವ್ಯೂ

ಮಿಕ್ಸಿಗೆ, ಮೊಬೈಲಿಗೆ ಪುಟಗಟ್ಟಲೆ ರಿವ್ಯೂ ಬರೆಯುತ್ತೇವೆ. ಗರ್ಭಕೋಶದೊಳಗೆ ವರ್ಷಗಟ್ಟಲೆ ಕೂರುವ ವಸ್ತುವಿಗೆ ಬರೆಯೋಕೆ ಮಾತ್ರ ಸಂಕೋಚ. ಮುಟ್ಟಿನ ರಕ್ತಸ್ರಾವ ಕಮ್ಮಿ ಮಾಡೋಕೆ ಗರ್ಭಕೋಶದೊಳಗೆ ಇಡುವ ಈ ಹಾರ್ಮೋನ್ ವಂಕಿಯನ್ನು ಹಾಕಿಸಿಕೊಳ್ಳುವ ಮೊದಲು ನಾನು ಹುಡುಕಿದಾಗ ಸಿಕ್ಕಿದ್ದು ಎರಡೇ ಥರದ ಮಾತು. ಒಂದು, 'ನನ್ನ ಬದುಕೇ ಬದಲಾಯ್ತು'. ಇನ್ನೊಂದು, 'ಕೈ ಮುಗೀತೀನಿ, ಹಾಕಿಸಬೇಡಿ'. ನನ್ನ ಕಥೆ ಎರಡರ ಮಧ್ಯೆ ಎಲ್ಲೋ ಇದೆ.

ನನಗೀಗ 47. ಹಾಕಿಸುವ ಮೊದಲು ಮೂರು ವರ್ಷ ಮುಟ್ಟು ಅಂದರೆ ಎದೆ ಧಸಕ್ ಅನ್ನುತ್ತಿತ್ತು. ಎಂಟೊಂಬತ್ತು ದಿನ, ಅದರಲ್ಲಿ ಮೊದಲ ಮೂರು ದಿನ ಗಂಟೆಗೊಂದು ಪ್ಯಾಡ್. ರಾತ್ರಿ 2 ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ಬದಲಿಸಬೇಕು, ಹಾಸಿಗೆ ಮೇಲೆ ಮಡಿಸಿದ ಕಪ್ಪು ಟವೆಲ್, ಅಷ್ಟಾದರೂ ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತ ತಕ್ಷಣ ಹೆಬ್ಬೆರಳಿನ ತುದಿಯಷ್ಟು ಹೆಪ್ಪುಗಟ್ಟಿದ ರಕ್ತ ಜಾರಿ ಬೀಳುತ್ತಿತ್ತು. 'ಮುಟ್ಟು ನಿಲ್ಲೋ ವಯಸ್ಸಲ್ವಾ, ಹಾಗೇ ಇರುತ್ತೆ' ಅಂತ ಎಲ್ಲರೂ ಹೇಳಿದರು, ನಾನೂ ನಂಬಿದೆ. ಒಂದು ದಿನ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತುಬಿಟ್ಟೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8. ಹೆಂಗಸರಿಗೆ 12 ಆದರೂ ಇರಬೇಕು.

ಮೊದಲು ಕಂಡ ಡಾಕ್ಟರ್ ಸ್ಕ್ಯಾನ್ ರಿಪೋರ್ಟ್ ಮೇಲೆ ಒಮ್ಮೆ ಕಣ್ಣಾಡಿಸಿ, 'ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ' ಅಂದರು. ಅಷ್ಟೇ. ಕೂತಿದ್ದು ಐದು ನಿಮಿಷವೂ ಇಲ್ಲ. ಎರಡನೆಯವರು ಅದೇ ರಿಪೋರ್ಟ್ ತಿರುಗಿಸಿ, ಹಿಂಬದಿಯಲ್ಲಿ ಬೋರಲು ಹಾಕಿದ ಹೂಜಿಯಂಥ ಗರ್ಭಕೋಶದ ಚಿತ್ರ ಬರೆದು ವಿವರಿಸಿದರು. ಒಳಪದರದಿಂದ ಸಣ್ಣ ತೊಟ್ಟಿನ ಹಾಗೆ ಬೆಳೆದರೆ ಪಾಲಿಪ್. ಗೋಡೆಯ ಸ್ನಾಯುವಿನಲ್ಲಿ ಗಂಟು ಕಟ್ಟಿದರೆ ಫೈಬ್ರಾಯ್ಡ್. ಈ ಫೈಬ್ರಾಯ್ಡ್ ಬಹಳ ಜನರಿಗೆ ಇರುತ್ತದೆ, ಎಷ್ಟೋ ಮಂದಿಗೆ ಗೊತ್ತೇ ಆಗುವುದಿಲ್ಲ, ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಅದು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿ ಕೂತಿದೆ ಅನ್ನುವುದೇ ಮುಖ್ಯವಂತೆ. ಹೊರಗೋಡೆಯಲ್ಲಿರುವ ದೊಡ್ಡ ಗಡ್ಡೆ ರಕ್ತಸ್ರಾವದ ವಿಷಯದಲ್ಲಿ ತೆಪ್ಪಗಿರಬಹುದು, ಒಳಗಡೆ ಚಾಚಿಕೊಂಡ ಸಣ್ಣದು ಜೀವ ಹಿಂಡಬಹುದು. ನನ್ನದು ಇವೆರಡೂ ಅಲ್ಲ, ಅಡೆನೊಮಯೋಸಿಸ್. ಒಳಪದರದಂಥ ಅಂಗಾಂಶ ಗೋಡೆಯ ಸ್ನಾಯುವಿನೊಳಗೇ ಸೇರಿಕೊಂಡು ಗರ್ಭಕೋಶ ದಪ್ಪಗಾಗುತ್ತದೆ. ರಿಪೋರ್ಟಿನಲ್ಲಿ 'ಬಲ್ಕಿ ಯುಟರಸ್' ಅಂತ ಇದ್ದದ್ದು ಇದಕ್ಕೇ.

ಗರ್ಭಕೋಶ ತೆಗೆಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಡೆನೊಮಯೋಸಿಸ್ ಮತ್ತೆ ಬರದ ಹಾಗೆ ಪೂರ್ತಿ ಹೋಗುವುದು ಆ ಆಪರೇಷನ್ನಿನಿಂದಲೇ. ಮೊದಲ ಮೆಟ್ಟಿಲೇ ಅದು ಅನ್ನೋ ಹಾಗೆ ಮಾತಾಡಿದ್ದಕ್ಕೆ ನನ್ನ ಸಿಟ್ಟು. ವಯಸ್ಸು 45 ದಾಟಿದೆ ಅಂತ ಎರಡನೆಯವರು ಮೊದಲು ಒಳಪದರದ ಚೂರು ತೆಗೆದು, ಕ್ಯಾನ್ಸರ್ ಏನಾದರೂ ಇದೆಯಾ ಅಂತ ನೋಡೋಕೆ ಬಯಾಪ್ಸಿಗೆ ಕಳಿಸಿದರು. ಅದು ಸರಿ ಇದೆ ಅಂತ ಬಂದ ಮೇಲೇ ಈ ವಂಕಿಯ ಮಾತು ಎತ್ತಿದ್ದು.

ಕಾಪರ್ ಟಿ ಬೇರೆ, ಇದು ಬೇರೆ. ಎರಡೂ ಇಂಗ್ಲಿಷ್ ಟಿ ಅಕ್ಷರದ ಆಕಾರದಲ್ಲೇ ಇವೆ, ಎರಡನ್ನೂ ವಂಕಿ ಅಂತಲೇ ಕರೆಯುತ್ತಾರೆ, ಹಾಗಾಗಿ ಗೊಂದಲ. ಕಾಪರ್ ಟಿ ರಕ್ತಸ್ರಾವ ಜಾಸ್ತಿ ಮಾಡಬಹುದು. ಇದರಲ್ಲಿ 52 ಮಿಲಿಗ್ರಾಂ ಲೆವೊನೊರ್ಗೆಸ್ಟ್ರೆಲ್ ಅನ್ನೋ ಹಾರ್ಮೋನ್ ಇದೆ, ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೊಗ್ರಾಂ ಬಿಡುತ್ತದೆ. ಒಳಪದರ ತೆಳ್ಳಗಾಗುತ್ತದೆ. ಉದುರೋಕೆ ಪದರವೇ ಜಾಸ್ತಿ ಇಲ್ಲದಿದ್ದರೆ ಮುಟ್ಟೂ ಕಮ್ಮಿ. ಉದ್ದ 32 ಮಿಲಿಮೀಟರ್, ಕೈಯಲ್ಲಿ ಹಿಡಿದರೆ 'ಇಷ್ಟೇನಾ' ಅನ್ನಿಸುತ್ತದೆ.

ಹಾಕುವಾಗ ನೋವಾಯಿತು, ಸುಳ್ಳು ಹೇಳೋಲ್ಲ. ಎಲ್ಲ ಸೇರಿ ಹತ್ತು ನಿಮಿಷ. ಗರ್ಭಕೋಶದ ಬಾಯಿಯನ್ನು ಹಿಡಿಯುವಾಗ 'ಕೆಮ್ಮಿ' ಅಂದರು, ಕೆಮ್ಮಿದೆ, ಒಂದು ಚಳುಕು. ವಂಕಿ ಒಳಗೆ ಹೋದಾಗ ಮಾತ್ರ ಹೆರಿಗೆಯ ನೋವು ನೆನಪಾಯಿತು, ಅರ್ಧ ನಿಮಿಷ ಇದ್ದಿರಬಹುದು. ಆ ದಿನ ಸಂಜೆವರೆಗೂ ಬಿಸಿನೀರಿನ ಚೀಲ ಹೊಟ್ಟೆ ಮೇಲೆ. ಕೆಲವರಿಗೆ ಏನೂ ಅನ್ನಿಸೋದಿಲ್ಲವಂತೆ, ಕೆಲವರಿಗೆ ತಲೆ ಸುತ್ತುತ್ತದಂತೆ. ನೋವಿಗೆ ಏನು ಕೊಡುತ್ತೀರಿ ಅಂತ ಮೊದಲೇ ಕೇಳಿ. ಕೇಳೋದರಲ್ಲಿ ನಾಚಿಕೆ ಏನಿದೆ?

ಈಗ ನನ್ನ ದೂರು. ಮೊದಲ ನಾಲ್ಕು ತಿಂಗಳು. 'ಸ್ವಲ್ಪ ಸ್ಪಾಟಿಂಗ್ ಇರುತ್ತೆ' ಅಂತ ಅಷ್ಟೇ ಹೇಳಿ ಕಳಿಸಿದ್ದರು. ಆ ಸ್ವಲ್ಪ ಅಂದರೆ ನನಗೆ ಒಂದೇ ಸಮನೆ 37 ದಿನ! ಜಾಸ್ತಿ ಅಲ್ಲ, ಕಂದು ಬಣ್ಣದ ಕಲೆ, ನಡುನಡುವೆ ಕೆಂಪು, ಆದರೆ ದಿನಾ ಪ್ಯಾಡ್ ಬೇಕೇ ಬೇಕು. ಜೊತೆಗೆ ಗಲ್ಲದ ಮೇಲೆ ಮೊಡವೆ, ಎದೆ ಬಾವು. ಎರಡು ಸಲ ತೆಗೆಸೋಣ ಅಂತ ಫೋನ್ ಕೈಗೆತ್ತಿಕೊಂಡಿದ್ದೆ. ಮೂರರಿಂದ ಆರು ತಿಂಗಳು ಹೀಗಾಗೋದು ಸಾಮಾನ್ಯ ಅಂತ ಮೊದಲೇ ಬಿಡಿಸಿ ಹೇಳಿದ್ದರೆ ಅಷ್ಟು ಕಂಗಾಲಾಗುತ್ತಿರಲಿಲ್ಲ. ಎಷ್ಟೋ ಜನ ಇದೇ ಹೊತ್ತಿನಲ್ಲಿ ತೆಗೆಸಿಬಿಡುತ್ತಾರೆ, ಅದು ನನಗೆ ಪೂರ್ತಿ ಅರ್ಥವಾಗುತ್ತದೆ.

ಐದನೇ ತಿಂಗಳಿಗೆ ಮುಟ್ಟು ಎರಡು ದಿನಕ್ಕೆ ಇಳಿಯಿತು. ಎಂಟನೇ ತಿಂಗಳಿಂದ ಇಲ್ಲವೇ ಇಲ್ಲ ಅನ್ನೋ ಹಾಗೆ. ಹಿಮೋಗ್ಲೋಬಿನ್ 12.3, ಇದರಲ್ಲಿ ಕಬ್ಬಿಣದ ಮಾತ್ರೆಯ ಪಾಲೂ ಇದೆ, ಎಲ್ಲ ಕೀರ್ತಿಯನ್ನೂ ವಂಕಿಗೆ ಕೊಡೋಕಾಗಲ್ಲ. ಸೊಂಟದ ನೋವು ಮುಕ್ಕಾಲು ಪಾಲು ಹೋಗಿದೆ. ಉಳಿದ ಕಾಲು ಆಗಾಗ ಬಂದು ಮಾತಾಡಿಸಿ ಹೋಗುತ್ತದೆ. 'ಮುಟ್ಟಾಗದಿದ್ದರೆ ಕೆಟ್ಟ ರಕ್ತ ಒಳಗೇ ನಿಲ್ಲುತ್ತಲ್ಲಾ' ಅಂತ ನನ್ನ ಅಕ್ಕ ಈಗಲೂ ಕೇಳುತ್ತಾಳೆ. ಒಳಪದರವೇ ಬೆಳೆಯದಿದ್ದರೆ ನಿಲ್ಲೋಕೆ ಏನಿರುತ್ತೆ ಅಕ್ಕಾ ಅಂತ ಹೇಳಿ ಹೇಳಿ ಸಾಕಾಗಿದೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ಗರ್ಭಕೋಶದ ಒಳಜಾಗದ ಆಕಾರವನ್ನೇ ಫೈಬ್ರಾಯ್ಡ್ ಕೆಡಿಸಿದ್ದರೆ ವಂಕಿ ಸರಿಯಾಗಿ ಕೂರುವುದಿಲ್ಲ. ಸ್ತನ ಕ್ಯಾನ್ಸರ್ ಇದ್ದರೆ ಹಾಕುವುದಿಲ್ಲ, ಸೋಂಕಿದ್ದರೆ ಅದು ವಾಸಿಯಾಗುವ ತನಕ ಹಾಕುವುದಿಲ್ಲ, ರಕ್ತಸ್ರಾವಕ್ಕೆ ಕಾರಣವೇ ಗೊತ್ತಾಗದೆ ಹಾಕಿಸುವ ಹಾಗೂ ಇಲ್ಲ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ನನ್ನ ರಿವ್ಯೂ ಓದುತ್ತಾ ಕೂರಬೇಡಿ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಇನ್ನೊಂದು, ಸುಮಾರು 20ರಲ್ಲಿ ಒಬ್ಬರಿಗೆ ವಂಕಿ ತಾನಾಗಿ ಹೊರಗೆ ಬಂದುಬಿಡುತ್ತದೆ, ಹೆಚ್ಚಾಗಿ ಮೊದಲ ತಿಂಗಳುಗಳಲ್ಲಿ. ಅದಕ್ಕೇ ವಂಕಿಯ ತುದಿಯಿಂದ ಗರ್ಭಕೋಶದ ಬಾಯಿಯ ಹೊರಗೆ ಇಳಿಬಿದ್ದಿರುವ ದಾರ ಇದೆಯಾ ಅಂತ ತಿಂಗಳಿಗೊಮ್ಮೆ ಬೆರಳಿನಿಂದ ನೋಡಿಕೊಳ್ಳಬೇಕು. ಗಾಳದ ದಾರದಂತೆ ನವಿರಾಗಿ ಸಿಗುತ್ತದೆ. ಮೊದಲ ಸಲ ನನಗೆ ಸಿಗದೆ ಗಾಬರಿಯಾಗಿ ಸ್ಕ್ಯಾನಿಂಗ್ ಮಾಡಿಸಿದೆ, ದಾರ ಸುರುಳಿ ಸುತ್ತಿಕೊಂಡು ಮೇಲೆ ಹೋಗಿತ್ತು ಅಷ್ಟೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಆ ಒಂದು ಸ್ಟಾರ್ ಆ 37 ದಿನಕ್ಕೆ. ಹಾಕಿಸಿದ ದಿನ ತಾರೀಖು ಬರೆದ ಒಂದು ಸಣ್ಣ ಕಾರ್ಡ್ ಕೊಡುತ್ತಾರೆ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಜಾಸ್ತಿ ರಕ್ತಸ್ರಾವಕ್ಕೆ ಅಂತ ಹಾಕಿಸಿದ್ದರೆ ಸಾಮಾನ್ಯವಾಗಿ ಐದು ವರ್ಷಕ್ಕೆ ಬದಲಿಸಬೇಕು. ನನ್ನ ಕಾರ್ಡ್ ಈಗಾಗಲೇ ಒಂದು ಸಲ ಕಳೆದು, ಆ ಕಪ್ಪು ಟವೆಲ್ಲಿನ ಮಡಿಕೆಯಲ್ಲಿ ಸಿಕ್ಕಿತು.