ಮೂರು ವರ್ಷ 'ಸ್ಲೋ ಲರ್ನರ್' ಆಗಿದ್ದವಳ ರಿವ್ಯೂ

ಉಡುಪಿಯ ಒಂದು ಕಾಲೇಜಿನಲ್ಲಿ 2021ರಿಂದ 2024ರವರೆಗೆ ಬಿ.ಎಸ್ಸಿ. ಓದಿದೆ, ಫಿಸಿಕ್ಸ್-ಮ್ಯಾಥ್ಸ್. ಬ್ರಿಡ್ಜ್ ಕೋರ್ಸ್, ರೆಮಿಡಿಯಲ್, ಮೆಂಟರ್, ಎನ್‌ಪಿಟೆಲ್‌ನ ಆನ್‌ಲೈನ್ ಪಾಠ, ಸೀನಿಯರ್‌ಗಳ ಪಾಠ ಹೀಗೆ ಓದಿಗೆ ಸಹಾಯ ಅಂತ ಅಲ್ಲಿ ಏನೆಲ್ಲ ಇತ್ತೋ ಯಾವುದನ್ನೂ ನಾನು ಬಿಟ್ಟಿಲ್ಲ. ಪ್ರಾಸ್ಪೆಕ್ಟಸ್‌ನಲ್ಲಿ ಇವುಗಳ ಪುಟ ನೋಡಿ ಮಕ್ಕಳನ್ನು ಸೇರಿಸುವವರಿದ್ದಾರೆ, ಅವರಿಗಾಗಿ ಇದು. ಕಾಲೇಜಿನ ಹೆಸರು ಬೇಡ. ಬೇರೆ ಕಡೆ ಓದಿದ ಗೆಳತಿಯರೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾರೆ.

ಬ್ರಿಡ್ಜ್ ಕೋರ್ಸ್, ಅಂದರೆ ಡಿಗ್ರಿ ಪಾಠಕ್ಕೆ ಮೊದಲು ಪಿಯುಸಿಯದ್ದನ್ನು ನೆನಪಿಸುವುದು, ಹತ್ತು ದಿನ. ನಮ್ಮದು ಕೋವಿಡ್ ಬ್ಯಾಚು, ದ್ವಿತೀಯ ಪಿಯುಸಿ ಪರೀಕ್ಷೆ ಬರೆಯದೆಯೇ ಪಾಸಾದವರು. ಡಿಫರೆನ್ಸಿಯೇಶನ್, ಇಂಟಿಗ್ರೇಶನ್ ಇನ್ನೊಮ್ಮೆ ಮಾಡಿಸಿದ್ದು ಒಳ್ಳೆಯದೇ ಆಯಿತು.

ರೆಮಿಡಿಯಲ್ ಕತೆ ಬೇರೆ. ಮೊದಲ ಇಂಟರ್ನಲ್ ಮುಗಿದ ವಾರದಲ್ಲಿ ನೋಟಿಸ್ ಬೋರ್ಡಿನಲ್ಲಿ ಎರಡು ಪಟ್ಟಿ ಬಿತ್ತು. ಒಂದು 'ಸ್ಲೋ ಲರ್ನರ್ಸ್', ಇನ್ನೊಂದು 'ಅಡ್ವಾನ್ಸ್ಡ್ ಲರ್ನರ್ಸ್'. ಮೊದಲನೆಯದರಲ್ಲಿ ನಾಲ್ಕನೇ ಹೆಸರು ನನ್ನದು. ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಾ ಗೆಳತಿ, "ಎಂತ ಮಾರಾಯ್ತಿ, ನೀನು ಸ್ಲೋ ಅಂತಲ್ಲ" ಎಂದು ನಗಾಡಿದಳು. ನಾನೂ ನಕ್ಕೆ. ಹತ್ತನೆಯವರೆಗೆ ಹೆಬ್ರಿಯ ಕನ್ನಡ ಶಾಲೆಯಲ್ಲಿ ಲೆಕ್ಕಕ್ಕೆ ನನ್ನನ್ನು ಮೀರಿಸುವವರಿರಲಿಲ್ಲ ಎಂದು ಅವಳಿಗೆ ಹೇಳಲಿಲ್ಲ.

ಸ್ಲೋ ಪಟ್ಟಿಯವರಿಗೆ ರೆಮಿಡಿಯಲ್ ಅಂದರೆ ಹೆಚ್ಚುವರಿ ಕ್ಲಾಸು, ಸಂಜೆ ನಾಲ್ಕರಿಂದ ಐದು. ನನ್ನ ಬಸ್ಸು ನಾಲ್ಕೂಕಾಲಿಗೆ. ಅದು ತಪ್ಪಿದರೆ ಮುಂದಿನದ್ದರಲ್ಲಿ ಹಿರಿಯಡ್ಕದವರೆಗೆ ಕಾಲಿಡಲೂ ಜಾಗ ಇರುವುದಿಲ್ಲ, ಹೆಬ್ರಿಯಲ್ಲಿ ಇಳಿದ ಮೇಲೆ ಮನೆಗೆ ಎರಡು ಕಿಲೋಮೀಟರ್ ನಡಿಗೆ. ಮಳೆಗಾಲದಲ್ಲಿ ಆರೂವರೆಗೇ ಕತ್ತಲೆ ಕವಿದಿರುತ್ತದೆ, ಅಮ್ಮ ಟಾರ್ಚು ಹಿಡಿದು ರಸ್ತೆಗೆ ಬಂದು ನಿಂತಿರುತ್ತಿದ್ದರು. ಆ ಪಟ್ಟಿಯಲ್ಲಿದ್ದವರು ಹೆಚ್ಚಾಗಿ ಕಾರ್ಕಳ, ಸಿದ್ದಾಪುರ, ಬೈಂದೂರು ಅಂತ ದೂರದಿಂದ ಬರುವವರೇ. ಹಾಸ್ಟೆಲಿನವರೂ ಸ್ಕೂಟಿಯವರೂ ಹೆಚ್ಚಾಗಿ ಇನ್ನೊಂದು ಪಟ್ಟಿಯಲ್ಲಿ. ಕ್ಲಾಸು ಯಾರಿಗೆ ಬೇಕಿತ್ತೋ ಅವರಿಗೇ ಬಸ್ಸಿಲ್ಲ. ಪಾಠ ಮಾಡುತ್ತಿದ್ದ ಸರ್ ಪಾಪದವರು, ಬೆಳಿಗ್ಗೆ ಹೇಳಿದ್ದನ್ನೇ ಸಂಜೆ ಇನ್ನೂ ನಿಧಾನಕ್ಕೆ ಹೇಳುತ್ತಿದ್ದರು. ಬೆಳಿಗ್ಗೆ ಬೇಗ ಅರ್ಥವಾಗದ್ದು ಸಂಜೆ ನಿಧಾನಕ್ಕೆ ಅರ್ಥವಾಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಹಾಜರಾತಿ ಮಾತ್ರ ಕಟ್ಟುನಿಟ್ಟು, ಯಾಕೆಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರಿಗೆ ತೋರಿಸುವ ಫೈಲಿಗೆ ಬೇಕು.

ನನ್ನನ್ನು ದಡ ಹತ್ತಿಸಿದ್ದು ಯಾವ ಫೈಲಿನಲ್ಲೂ ಇಲ್ಲ. ಎರಡನೇ ವರ್ಷ ಫೈನಲ್ ಇಯರಿನ ಒಬ್ಬಳು ಅಕ್ಕ ಮಧ್ಯಾಹ್ನ ಬುತ್ತಿ ಉಂಡಾದ ಮೇಲೆ ಲ್ಯಾಬಿನ ಹಿಂದಿನ ಖಾಲಿ ಕೋಣೆಯಲ್ಲಿ ಅರ್ಧ ಗಂಟೆ ಕೂತುಕೊಳ್ಳುತ್ತಿದ್ದಳು. ಯಾರು ಬೇಕಾದರೂ ಬರಬಹುದು. ಗಣಿತದಲ್ಲಿ ಲಿಮಿಟ್ ಅಂದರೇನೆಂದು ಹೇಳುವ ಎಪ್ಸಿಲಾನ್-ಡೆಲ್ಟಾ ನನಗೆ ಮಂಡೆಗೇ ಹೋಗುತ್ತಿರಲಿಲ್ಲ. ಅವಳು ಅರ್ಧ ತುಳು ಅರ್ಧ ಕನ್ನಡದಲ್ಲಿ ಕೇಳಿದಳು: "ನೀನು ಒಂಬತ್ತು ಗಂಟೆಗೆ ಉಡುಪಿ ಮುಟ್ಟಬೇಕಲ್ಲ, ಎಷ್ಟು ನಿಮಿಷ ಆಚೀಚೆ ಆದರೆ ಅಡ್ಡಿಲ್ಲ?" ಐದು ಎಂದೆ. "ಹಾಗಾದರೆ ಹೆಬ್ರಿಯಲ್ಲಿ ಬಸ್ಸು ಎರಡು ನಿಮಿಷಕ್ಕಿಂತ ಹೆಚ್ಚು ಆಚೀಚೆ ಆಗಬಾರದು. ಐದು ನಿನ್ನ ಎಪ್ಸಿಲಾನ್, ಎರಡು ನನ್ನ ಡೆಲ್ಟಾ. ನೀನು ಐದರ ಬದಲು ಒಂದು ಅಂದರೂ, ಅರ್ಧ ಅಂದರೂ ನಾನು ಒಂದು ಡೆಲ್ಟಾ ಹುಡುಕಿ ಕೊಡಬೇಕು. ಕೊಡಲಿಕ್ಕಾದರೆ ಲಿಮಿಟ್ ಉಂಟು." ಎರಡು ಸೆಮಿಸ್ಟರ್ ಕಾಡಿದ್ದು ಅಲ್ಲಿಗೆ ಮುಗಿಯಿತು.

ಮತ್ತೆ ಓದುವಾಗ ಗೊತ್ತಾಯಿತು, ಅಮೆರಿಕದಲ್ಲಿ ಇದಕ್ಕೆ 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್' ಎಂಬ ಹೆಸರೇ ಉಂಟು. 1973ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್ಸಿನಲ್ಲಿ ಡಿಯಾನಾ ಮಾರ್ಟಿನ್ ಶುರುಮಾಡಿದ್ದು. ಅಲ್ಲಿ ದಡ್ಡರ ಪಟ್ಟಿ ಮಾಡುವುದಿಲ್ಲ. ಹೆಚ್ಚು ಜನ ಫೇಲಾಗುವ ಪೇಪರ್ ಯಾವುದೆಂದು ನೋಡಿ ಆ ಪೇಪರಿಗೇ ಕ್ಲಾಸು ಇಡುತ್ತಾರೆ, ಅದನ್ನು ಚೆನ್ನಾಗಿ ಮುಗಿಸಿದ ಸೀನಿಯರ್ ಒಬ್ಬರು ನಡೆಸುತ್ತಾರೆ. ನಮ್ಮಲ್ಲಿ ಕಷ್ಟದ ಪೇಪರ್ ಯಾವುದೆಂದು ಅಟೆಂಡರಿಗೂ ಗೊತ್ತು. ಆದರೂ ಬೋರ್ಡಿಗೆ ಹಾಕಿದ್ದು ನಮ್ಮ ಹೆಸರು.

ಎನ್‌ಪಿಟೆಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವುದು, ಪಾಠ ಪೂರ್ತಿ ಉಚಿತ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆ ಶುಲ್ಕ, 2023ರಲ್ಲಿ ನಾನು ಕಟ್ಟಿದ್ದು 1,000 ರೂಪಾಯಿ. ಹನ್ನೆರಡು ವಾರದ ಕೋರ್ಸಿನಲ್ಲಿ ಒಳ್ಳೆಯ ಎಂಟು ಅಸೈನ್‌ಮೆಂಟ್ ಲೆಕ್ಕಕ್ಕೆ ಹಿಡಿದು 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಲೀನಿಯರ್ ಆಲ್ಜೀಬ್ರಾದಲ್ಲಿ ನನಗೆ ಬಂದದ್ದು 58, 'ಎಲೀಟ್' ಸರ್ಟಿಫಿಕೇಟ್ ಸಿಗಲು 60 ಬೇಕಿತ್ತು. ಎರಡು ಅಂಕದ ಬೇಜಾರು ಈಗಲೂ ಉಂಟು. ದೂರದಿಂದ ಬರುವವರಿಗೆ ಇದು ಹೇಳಿ ಮಾಡಿಸಿದ್ದು, ಪಾಠ ಡೌನ್‌ಲೋಡ್ ಮಾಡಿಕೊಂಡರೆ ಬಸ್ಸಿನಲ್ಲಿ ಸೀಟು ಸಿಕ್ಕ ದಿನ ದಾರಿಯಲ್ಲಿ ಪೆರ್ಡೂರು ಮುಟ್ಟುವುದರೊಳಗೆ ಒಂದು ಮುಗಿಯುತ್ತದೆ. ಮೊದಲ ಕೋರ್ಸನ್ನು ಮಾತ್ರ ಒಬ್ಬರೇ ತೆಗೆದುಕೊಳ್ಳಬೇಡಿ. ನಾನು ಹಾಗೆ ಮಾಡಿ ಐದನೇ ವಾರಕ್ಕೆ ಕೈಬಿಟ್ಟಿದ್ದೆ.

ಮೆಂಟರ್ ಮೇಡಂ ಸೆಮಿಸ್ಟರಿಗೆ ಎರಡು ಸಲ ಡೈರಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು.

ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಎಂಟಿಟಿಎಸ್ (ಮ್ಯಾಥಮ್ಯಾಟಿಕ್ಸ್ ಟ್ರೈನಿಂಗ್ ಆ್ಯಂಡ್ ಟ್ಯಾಲೆಂಟ್ ಸರ್ಚ್) ಎಂಬ ಬೇಸಿಗೆ ಶಿಬಿರ 1993ರಿಂದ ನಡೆಯುತ್ತಿದೆ, ಪ್ರೊಫೆಸರ್ ಎಸ್. ಕುಮರೇಶನ್ ಶುರುಮಾಡಿದ್ದು. ನಾಲ್ಕು ವಾರ ಗಣಿತ ಬಿಟ್ಟು ಬೇರೇನೂ ಇಲ್ಲ. ಅಲ್ಲಿ ನೋಟ್ಸ್ ಬರೆಸುವುದಿಲ್ಲ, ನಿಮ್ಮನ್ನೇ ಪ್ರಶ್ನೆ ಕೇಳಿ ಕೇಳಿ ನಿಮ್ಮಿಂದಲೇ ಉತ್ತರ ಹೊರಡಿಸುತ್ತಾರೆ. ಎರಡನೇ ವರ್ಷದ ಡಿಗ್ರಿಯವರಿಗೂ ಒಂದು ಹಂತ ಉಂಟು. ಅದರ ಮಾಹಿತಿ ನಮ್ಮ ಕಾಲೇಜಿನಲ್ಲಿ 'ಅಡ್ವಾನ್ಸ್ಡ್' ಪಟ್ಟಿಯವರ ವಾಟ್ಸಾಪ್ ಗುಂಪಿಗೆ ಮಾತ್ರ ಹೋಗಿತ್ತು, ಅವರಲ್ಲಿ ಒಬ್ಬರೂ ಅರ್ಜಿ ಹಾಕಲಿಲ್ಲ. ನನಗೆ ತಿಳಿಯುವಾಗ ಐದನೇ ಸೆಮಿಸ್ಟರ್. ಅಷ್ಟರಲ್ಲಿ ರಿಯಲ್ ಅನಾಲಿಸಿಸ್‌ನಲ್ಲಿ ಕ್ಲಾಸಿಗೇ ಹೆಚ್ಚು ಅಂಕ ನನ್ನದು, ಆದರೂ ಮೊದಲ ವರ್ಷ ಬಿದ್ದ ಪಟ್ಟಿಯಿಂದ ನನ್ನ ಹೆಸರು ತೆಗೆದಿರಲಿಲ್ಲ.

ಒಟ್ಟು ಮಾರ್ಕು ಕೊಡುವುದಾದರೆ ರೆಮಿಡಿಯಲ್‌ಗೆ ಐದಕ್ಕೆ ಒಂದೂವರೆ, ಎನ್‌ಪಿಟೆಲ್‌ಗೆ ನಾಲ್ಕು, ಅಕ್ಕನ ಕೋಣೆಗೆ ಐದು. ಸೇರುವವರು ಆಫೀಸಿನಲ್ಲಿ ಎರಡೇ ಪ್ರಶ್ನೆ ಕೇಳಿ: ಕ್ಲಾಸು ಎಷ್ಟು ಗಂಟೆಗೆ, ಪಟ್ಟಿ ಎಷ್ಟು ತಿಂಗಳಿಗೊಮ್ಮೆ ಬದಲಾಗುತ್ತದೆ. ಮೊನ್ನೆ ಜೂನಿಯರ್ ಹುಡುಗಿ ಬಸ್ಸಿನಲ್ಲಿ ಸಿಕ್ಕಿದ್ದಳು. ರೆಮಿಡಿಯಲ್ ಈಗ ಮಧ್ಯಾಹ್ನ ಒಂದೂಕಾಲಿಗೆ ಬಂದಿದೆಯಂತೆ. ಪಟ್ಟಿ ಈಗಲೂ ಬೋರ್ಡಿಗೆ ಬೀಳುತ್ತದೆ, ಹೆಸರಿನ ಜಾಗದಲ್ಲಿ ರಿಜಿಸ್ಟರ್ ನಂಬರ್ ಇರುತ್ತದೆ. ಯಾರ ನಂಬರ್ ಯಾವುದೆಂದು ಇಡೀ ಕ್ಲಾಸಿಗೆ ಗೊತ್ತು.